ಹೆಂಚು ಇಳಿಸಿ ಪ್ಲಾಸ್ಟಿಕ್ ಏರಿಸುವ ಕಾಲ

ಕೋಲಾರದಲ್ಲಿ ಹಬ್ಬ ಹತ್ತಿರ ಬಂತೆಂದರೆ ಷೋರೂಮುಗಳ ಮೇಳ ಶುರು. ಟೈಲ್ಸ್, ಪ್ಲೈವುಡ್, ಮಾಡ್ಯುಲರ್ ಕಿಚನ್ ಮಾರುವವರು ಬಾಗಿಲಿಗೆ ಬಲೂನು ಕಟ್ಟಿ, ಒಳಗೆ ಎ.ಸಿ. ಹಾಕಿ, ಬಂದವರಿಗೆ ಬಾದಾಮಿ ಹಾಲು ಕೊಡುತ್ತಾರೆ. ಹೋಳೂರು ಕಡೆಯ ಬಸ್ಸಿಳಿದು ಬೀಜ, ಔಷಧಿ ಕೊಳ್ಳಲು ಬಂದ ಗಂಡ ಹೆಂಡತಿ 'ಸುಮ್ನೆ ನೋಡ್ಕೊಂಡು ಬರೋಣ ಬಾ' ಎಂದು ಒಳಗೆ ಹೋದರೆ, ಹೊರಗೆ ಬರುವಾಗ ಕೈಯಲ್ಲೊಂದು ಕೊಟೇಷನ್ ಇರುತ್ತದೆ. ನೋಡುವುದಕ್ಕೆ ಕಾಸಿಲ್ಲ, ನಿಜ. ನೋಡಿದ ಮೇಲೆ ಸ್ವಂತ ಮನೆಯ ಗೋಡೆ ಕಣ್ಣಿಗೆ ಹಿಡಿಸುವುದಿಲ್ಲ, ಅದೇ ತೊಂದರೆ.

ಒಳಗಿರುವುದಾದರೂ ಏನು? ಅಮೃತಶಿಲೆಯ ಹಾಗೆ ಹೊಳೆಯುವ ಪಿವಿಸಿ ಹಾಳೆ. ಕಡ್ಡಿ ಕಡ್ಡಿ ಜೋಡಿಸಿದಂತೆ ಕಾಣುವ ಪ್ಯಾನೆಲ್ಲು. ಬಣ್ಣ ಬದಲಿಸುವ ಎಲ್‌ಇಡಿ ಪಟ್ಟಿ ಅಡಗಿಸಿಟ್ಟ ಜಿಪ್ಸಂ ಸೀಲಿಂಗು. ಗುಜರಾತಿನ ಮೊರ್ಬಿಯಿಂದ ಲಾರಿಯಲ್ಲಿ ಬಂದ, ಮುಖ ಕಾಣುವಷ್ಟು ನುಣುಪಾದ ವಿಟ್ರಿಫೈಡ್ ಟೈಲ್ಸು. ಬೆಂಗಳೂರಿನ ತುಮಕೂರು ರಸ್ತೆಯ ಬಿಐಇಸಿಯಲ್ಲಿ ಇಂಡಿಯಾವುಡ್ ಮೇಳ ನಡೆಯುತ್ತದೆ; ಅದೇ ದಿಕ್ಕಿನ ನಾಗಸಂದ್ರದಲ್ಲಿ 2022ರ ಜೂನ್‌ನಲ್ಲಿ ಐಕಿಯಾ ಮಳಿಗೆ ಬಾಗಿಲು ತೆರೆಯಿತು. ಅಲ್ಲಿ ಕಂಡದ್ದು ಬಹಳ ದಿನ ಅಲ್ಲೇ ಕೂರುವುದಿಲ್ಲ, ಹೆದ್ದಾರಿ ಹಿಡಿದು ಇಲ್ಲಿಗೂ ಬರುತ್ತದೆ.

ಆಸೆ ತಪ್ಪಲ್ಲ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ ಟೊಮ್ಯಾಟೊ ಹದಿನೈದು ಕೆಜಿ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಅಂಥ ಒಂದು ಬೆಳೆ ಕೈ ಹಿಡಿದರೆ ಜನ ಮೊದಲು ನೋಡುವುದು ಮನೆಯನ್ನೇ. ತಾತನ ಕಾಲದ ಚಪ್ಪಡಿ ಕಲ್ಲಿನ ಮನೆಯಲ್ಲಿ ಇನ್ನೆಷ್ಟು ದಿನ ಇರೋದು ಎನ್ನುವ ಹೆಣ್ಣುಮಗಳ ಮಾತಿಗೆ ಯಾರೂ ಅಡ್ಡ ಹೇಳುವಂತಿಲ್ಲ. ಹೊಗೆ ತುಂಬುವ ಅಡಿಗೆಮನೆಯಲ್ಲಿ ಕಣ್ಣುಜ್ಜಿಕೊಂಡವಳು ಅವಳು, ಪತ್ರಿಕೆಯವರಲ್ಲ.

ಆದರೆ ಸೋಜಿಗ ಬೇರೆ ಇದೆ. ಇಲ್ಲಿನವರು ಕೆಂಪು ಗಾರೆ ಅಗೆದು ಟೈಲ್ಸ್ ಹಾಕಿಸುತ್ತಿರುವಾಗ, ಬೆಂಗಳೂರಿನ ಕಾಸಿರುವವರು ಆರ್ಕಿಟೆಕ್ಟುಗಳಿಗೆ ಫೀಸು ಕೊಟ್ಟು ಅದೇ ರೆಡ್ ಆಕ್ಸೈಡ್ ನೆಲ, ಬರಿ ಇಟ್ಟಿಗೆ ಗೋಡೆ, ಮಣ್ಣಿನ ಜಾಲಿ ಕೇಳುತ್ತಿದ್ದಾರೆ! ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಮಣ್ಣಿನ ಇಟ್ಟಿಗೆ ಒತ್ತುವ ವಿದ್ಯೆಯನ್ನು ವರ್ಷಗಟ್ಟಲೆ ಹೇಳಿಕೊಟ್ಟರು. ಆಗ ಅದು ಬಡವರ ಮನೆಯ ಮಾತಾಗಿತ್ತು. ಈಗ ಅದೇ ಫ್ಯಾಷನ್ನು.

ಮಾಲೂರು ಎಷ್ಟು ದೂರ? ಅಲ್ಲಿನ ಹೆಂಚು, ಇಟ್ಟಿಗೆ ಕಾರ್ಖಾನೆಗಳು ಒಂದು ಕಾಲಕ್ಕೆ ಊರಿಗೇ ಅನ್ನ ಹಾಕಿದವು. ಆರ್‌ಸಿಸಿ ತಾರಸಿ ಬಂದು ಹೆಂಚು ಕೇಳುವವರು ಕಡಿಮೆಯಾದರು, ಅನೇಕ ಚಿಮಣಿಗಳು ತಣ್ಣಗಾದವು. ಅದೇ ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳು ಕೆತ್ತಿದ ವಿಗ್ರಹ ದೂರದೂರಿನ ದೇವಸ್ಥಾನಗಳಿಗೆ ಹೋಗುತ್ತದೆ. ಕೋಲಾರದ ಷೋರೂಮಿನಲ್ಲಿ ಮಾತ್ರ ದೇವರ ಮನೆಗೆ ತೋರಿಸುವುದು ಸಿಎನ್‌ಸಿ ಯಂತ್ರದಲ್ಲಿ ಕೊರೆದ ಪ್ಲಾಸ್ಟಿಕ್ ಹಲಗೆ. ಇಲ್ಲಿನ ಬಂಡೆ ಇಲ್ಲಿಂದ ಆಚೆಗೆ ಹೋಗುತ್ತದೆ, ಆಚೆಯ ಪ್ಲಾಸ್ಟಿಕ್ ಇಲ್ಲಿಗೆ ಬರುತ್ತದೆ. ಲಾರಿ ಬಾಡಿಗೆಯವರಿಗಂತೂ ಎರಡೂ ಕಡೆ ಲಾಭ.

ಚೆಂದದ ಮಾತು ಬಿಡಿ, ಬದುಕುವ ಮಾತಿಗೆ ಬನ್ನಿ. ಹತ್ತಡಿ ಎತ್ತರದ ಮನೆಗೆ ಫಾಲ್ಸ್ ಸೀಲಿಂಗ್ ಹಾಕಿಸಿದರೆ ಅರ್ಧ ಅಡಿಯಿಂದ ಮುಕ್ಕಾಲು ಅಡಿ ಹೋಯಿತು. ಫ್ಯಾನು ಕೆಳಗಿಳಿಯಿತು. ತಾರಸಿ ಒಂದು ಕಡೆ ಸೋರಿದರೆ ಜಿಪ್ಸಂ ನೆಂದು ಉಬ್ಬುತ್ತದೆ. ಸೋರಿಕೆ ಎಲ್ಲಿ ಎಂದು ಹುಡುಕಲು ಸೀಲಿಂಗನ್ನೇ ಕೀಳಬೇಕು. ತೇವ ಹಿಡಿದ ಗೋಡೆಗೆ ಪಿವಿಸಿ ಹಾಳೆ ಬಡಿದರೆ ತೇವ ಹೋಗುವುದಿಲ್ಲ, ಕಣ್ಣಿಗೆ ಕಾಣದೆ ಒಳಗೇ ಬೂಷ್ಟು ಬೆಳೆಯುತ್ತದೆ. ಮೊದಲು ತಾರಸಿ ಸರಿಮಾಡಿಸಿ ಎಂದು ಗಿರಾಕಿಗೆ ಹೇಳುವ ಅಂಗಡಿಯವರೂ ಇದ್ದಾರೆ. ಅಂಥವರ ವ್ಯಾಪಾರ ಸ್ವಲ್ಪ ನಿಧಾನ.

ಇನ್ನು ವಾಸನೆ. ಹುಳು ಸಾಕುವ ಮನೆಯವರಿಗೆ ಫಾರ್ಮಲಿನ್ ಅಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಹುಳುಮನೆಗೆ ಅದನ್ನು ಸಿಂಪಡಿಸಿ, ಬಾಗಿಲು ಮುಚ್ಚಿ, ಕಣ್ಣುರಿ ತಾಳದೆ ಓಡಿಬಂದ ರೈತರು ಈ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಅಗ್ಗದ ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡಿನ ಅಂಟಿನಲ್ಲಿರುವುದೂ ಅದೇ ಫಾರ್ಮಾಲ್ಡಿಹೈಡು. ಹೊಸ ವಾರ್ಡ್‌ರೋಬ್ ತೆರೆದಾಗ ಮೂಗಿಗೆ ಬಡಿಯುವ 'ಹೊಸ ವಾಸನೆ'ಯಲ್ಲಿ ಅದರ ಪಾಲು ದೊಡ್ಡದು. ಹುಳು ಸಾಕುವವನು ಔಷಧಿ ಹೊಡೆದ ಮನೆಯನ್ನು ಚೆನ್ನಾಗಿ ಗಾಳಿಗೆ ಬಿಟ್ಟೇ ಹುಳು ಬಿಡುತ್ತಾನೆ. ಮಕ್ಕಳನ್ನು ಮಾತ್ರ ಹೊಸ ಪ್ಲೈವುಡ್ಡಿನ ಕೋಣೆಯಲ್ಲಿ ಕಿಟಕಿ ಮುಚ್ಚಿ ಅವತ್ತೇ ಮಲಗಿಸುತ್ತಾನೆ!

ಲೆಕ್ಕವನ್ನೂ ನೋಡಿ. ಏಳಡಿ ಎತ್ತರ, ಆರಡಿ ಅಗಲದ ವಾರ್ಡ್‌ರೋಬು ಅಂದರೆ 42 ಚದರಡಿ. ಅಡಿಗೆ 1,400 ರೂಪಾಯಿ ಎಂದರು ಅಂತಿಟ್ಟುಕೊಳ್ಳಿ, 58,800 ಆಯಿತು. ಕೊಟೇಷನ್ನಿನ ಬುಡದಲ್ಲಿ ಇರುವೆ ಅಕ್ಷರದಲ್ಲಿ 'ಜಿಎಸ್‌ಟಿ ಪ್ರತ್ಯೇಕ' ಎಂದಿರುತ್ತದೆ. ಶೇಕಡ 18 ಸೇರಿದರೆ 69,384. ಕಿಚನ್ನಿಗೆ ರನ್ನಿಂಗ್ ಅಡಿಯ ಲೆಕ್ಕ ಹೇಳಿದರೆ ಮೇಲಿನ ಅಟ್ಟ, ಸಿಂಕು, ಡ್ರಾಯರಿನ ಚಾನೆಲ್ಲು ಅದರಲ್ಲಿ ಸೇರಿದೆಯೋ ಇಲ್ಲವೋ ಕೇಳಿ ಬರೆಸಿಕೊಳ್ಳಬೇಕು. 'ಎಲ್ಲಾ ಸೇರಿ ಅಕ್ಕಾ' ಎಂಬ ಬಾಯಿಮಾತು ಮೇಳ ಮುಗಿದ ಮಾರನೇ ದಿನ ಯಾರಿಗೂ ನೆನಪಿರುವುದಿಲ್ಲ.

ಹಲಗೆಯ ಮೇಲೆ ನಂಬರು ಇರುತ್ತದೆ. ಐಎಸ್ 303 ಅಂದರೆ ಸಾಮಾನ್ಯ ಪ್ಲೈವುಡ್, ಐಎಸ್ 710 ಅಂದರೆ ನೀರು ತಡೆಯುವ ಮೆರೈನ್ ದರ್ಜೆ. ಸಿಂಕಿನ ಕೆಳಗೆ ಎರಡನೆಯದೇ ಬೇಕು. ಬರಿ 710 ಎಂದು ಅಚ್ಚು ಒತ್ತಿದರೆ ಸಾಲದು, ಐಎಸ್‌ಐ ಗುರುತಿನ ಜೊತೆ ಲೈಸೆನ್ಸ್ ನಂಬರೂ ಇರಬೇಕು. ಅದು ಅಸಲಿಯೋ ನಕಲಿಯೋ ಎಂದು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅಂಗಡಿಯಲ್ಲೇ ನಿಂತು ನೋಡಬಹುದು. ಊರಿನ ಬಡಗಿ ಆಚಾರಿಯನ್ನು ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ವಾಸಿ. ಮೇಳದ ಹುಡುಗರು ಅವರನ್ನು ಕಂಡರೆ ಯಾಕೋ ಮಾತು ಕಡಿಮೆ ಮಾಡುತ್ತಾರೆ.

ಮೋಸ ಹೋದವರಿಗೆ ಕೋಲಾರದಲ್ಲೇ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗವಿದೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಆದರೆ 'ಬಿಲ್ಲು ಬೇಡ, ಜಿಎಸ್‌ಟಿ ಉಳೀತದೆ' ಎಂದು ನಗದು ಕೊಟ್ಟು ಬಂದವರು ಅಲ್ಲಿ ಏನು ತೋರಿಸುತ್ತಾರೆ?

ವರ್ತಕರಿಗೂ ಒಂದು ಮಾತು. ಊರಿನ ಗಿರಾಕಿ ಐಕಿಯಾಕ್ಕೆ ಹೋಗದೆ ನಿಮ್ಮಲ್ಲಿಗೆ ಬರುವುದು ಮುಖ ಪರಿಚಯದ ನಂಬಿಕೆಯ ಮೇಲೆ. ಜಿಎಸ್‌ಟಿ ಸೇರಿಸಿದ ದರವನ್ನು ದಪ್ಪ ಅಕ್ಷರದಲ್ಲಿ ಬರೆಯಲು ಖರ್ಚೇನೂ ಇಲ್ಲ. ಮುಂದಿನ ಮೇಳದಲ್ಲಿ ಪಿವಿಸಿ ಹಾಳೆಯ ಪಕ್ಕಕ್ಕೆ ಮಾಲೂರಿನ ನೆಲದ ಬಿಲ್ಲೆ, ಮಣ್ಣಿನ ಜಾಲಿ, ಶಿವಾರಪಟ್ಟಣದ ಒಂದು ಕಲ್ಲಿನ ದೀಪವನ್ನೂ ಇಡಿ, ಅದರ ಬೆಲೆಯನ್ನೂ ಬರೆದಿಡಿ. ಯಾವುದು ಬೇಕೋ ಬಸ್ಸಿಳಿದು ಬಂದವರೇ ಆರಿಸಿಕೊಳ್ಳಲಿ.