ಗಾಳಿಯ ಕಾವಲು

ಕಾರ್ತಿಕ ಮಾಸ ಕಳೆಯುತ್ತಿದ್ದಂತೆ ಅಥಣಿಯ ಸೀಮೆಯಲ್ಲಿ ಕಬ್ಬಿನ ಕಟಾವು ಬಿರುಸಾಗುತ್ತದೆ. ಕೊಕಟನೂರಿನ ಸುತ್ತಲಿನ ದಾರಿಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಸಕ್ಕರೆ ಕಾರ್ಖಾನೆಯು ರೈತನ ಬದುಕಿಗೆ ಆಧಾರ. ಆದರೆ ಕಬ್ಬನ್ನು ಹಿಂಡಿದ ಮೇಲೆ ಉಳಿಯುವ ಸಿಪ್ಪೆಯೇ ಅಲ್ಲಿನ ಬಾಯ್ಲರಿಗೆ ಉರುವಲು. ಅದು ಉರಿದಾಗ ಹೊಗೆಯೊಡನೆ ನುಣ್ಣನೆಯ ಬೂದಿಯೂ ಮೇಲೇಳುತ್ತದೆ. ಬೂದಿಯನ್ನು ಹಿಡಿದಿಡುವ ಯಂತ್ರವು ಸರಿಯಾಗಿ ನಡೆದರೆ ಅದರ ಬಹುಭಾಗ ಒಳಗೇ ಉಳಿಯುತ್ತದೆ. ನಡೆಯದಿದ್ದರೆ ಅದು ಹೊಲ, ಮನೆ, ಶಾಲೆಗಳೆಂಬ ಭೇದವಿಲ್ಲದೆ ಎಲ್ಲೆಡೆ ಇಳಿಯುತ್ತದೆ. ಕಬ್ಬು ಮಾರಿ ಬದುಕುವ ರೈತನ ಮಕ್ಕಳೇ ಆ ಗಾಳಿಯನ್ನು ಉಸಿರಾಡಬೇಕಾಗುತ್ತದೆ.

ಆ ಯಂತ್ರವು ಹಗಲಿರುಳು ನಡೆಯುವಂತೆ ನೋಡಿಕೊಳ್ಳಲು ಮಾಲೀಕರ ಸಜ್ಜನಿಕೆಯೊಂದೇ ಸಾಲದು. ಕಾನೂನಿನ ಕಾವಲೂ ಬೇಕು. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ವಿಶ್ವಸಮ್ಮೇಳನದ ನಿರ್ಣಯಗಳನ್ನು ಅನುಸರಿಸಿ ನಮ್ಮ ಸಂಸತ್ತು 1981ರಲ್ಲಿ ವಾಯುಮಾಲಿನ್ಯ ನಿಯಂತ್ರಣದ ಅಧಿನಿಯಮವನ್ನು ರೂಪಿಸಿತು. 1984ರ ಡಿಸೆಂಬರಿನಲ್ಲಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಸೋರಿದ ವಿಷಾನಿಲವು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಅನಂತರ, 1987ರಲ್ಲಿ, ಈ ಕಾನೂನು ಬಿಗಿಯಾಯಿತು: ಮಿತಿ ಮೀರಿ ಹೊಗೆಯುಗುಳಿದವರಿಗೆ ಒಂದೂವರೆ ವರ್ಷದಿಂದ ಆರು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಲಾಯಿತು. 2016ರಲ್ಲಿ ಸಕ್ಕರೆ ಕಾರ್ಖಾನೆಯ ಬಾಯ್ಲರಿನ ಹೊಗೆಗೆ ಘನಮೀಟರಿಗೆ 150 ಮಿಲಿಗ್ರಾಂ ಧೂಳಿನ ಮಿತಿಯು ಗೊತ್ತಾಯಿತು.

ಆದರೆ 2023ರಲ್ಲಿ ಸಂಸತ್ತು ಜನ ವಿಶ್ವಾಸ ಅಧಿನಿಯಮವನ್ನು ಅಂಗೀಕರಿಸಿ, ಹೊಗೆಯ ಮಿತಿಯನ್ನು ಮೀರಿದ ತಪ್ಪಿಗೆ ಸೆರೆವಾಸದ ಬದಲು ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿಗಳವರೆಗಿನ ದಂಡವನ್ನು ಗೊತ್ತುಮಾಡಿತು. ದಂಡವನ್ನು ನಿರ್ಣಯಿಸುವವನು ನ್ಯಾಯಾಧೀಶನಲ್ಲ, ಸರ್ಕಾರದ ಅಧಿಕಾರಿ. ಮಿತಿಯು ಹಾಗೆಯೇ ಉಳಿಯಿತು. ಅದನ್ನು ಮೀರುವವರಿಗಿದ್ದ ಭಯ ಕಡಮೆಯಾಯಿತು.

ಈ ಬದಲಾವಣೆಯನ್ನು ಸಮರ್ಥಿಸುವವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ನ್ಯಾಯಾಲಯದಲ್ಲಿ ಮೊಕದ್ದಮೆಗಳು ವರ್ಷಗಟ್ಟಲೆ ಎಳೆಯುತ್ತವೆ. ದಂಡವನ್ನಾದರೆ ಬೇಗ ವಿಧಿಸಬಹುದು. ಸಣ್ಣ ತಪ್ಪಿಗೂ ಸೆರೆಮನೆಯ ಭಯವಿದ್ದರೆ ಉದ್ಯಮಗಳು ಬೆಳೆಯಲಾರವು. ಹಂಗಾಮಿನ ನಡುವೆ ಕಾರ್ಖಾನೆ ನಿಂತರೆ ಕಬ್ಬು ಹೊಲದಲ್ಲಿಯೇ ಒಣಗುವುದೆಂಬುದೂ ನಿಜ. ಆದರೆ ದಂಡವು ಧನಿಕನಿಗೆ ಖರ್ಚಿನ ಬಾಬುಗಳಲ್ಲಿ ಒಂದಾಗಿಬಿಡಬಹುದು. ಯಂತ್ರವನ್ನು ನಡೆಸುವ ವೆಚ್ಚಕ್ಕಿಂತ ದಂಡವೇ ಅಗ್ಗವಾದರೆ ಲೆಕ್ಕಿಗನು ಯಾವುದನ್ನು ಆರಿಸುವನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹೊರನಾಡುಗಳಲ್ಲಿಯೂ ಇಂಥ ಸಡಿಲಿಕೆ ಕಾಣುತ್ತದೆ. ರಬ್ಬರಿನ ಟಯರುಗಳನ್ನು ತಯಾರಿಸುವ ಕಾರ್ಖಾನೆಗಳು ಹೊರಬಿಡುವ ಅಪಾಯಕರ ಅನಿಲಗಳಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2024ರ ನವೆಂಬರಿನಲ್ಲಿ ಹೊಸ ಮಿತಿಗಳನ್ನು ಪ್ರಕಟಿಸಿತು. ಆ ದೇಶದ ಶಾಸನಸಭೆಯು ಅವನ್ನು ರದ್ದುಗೊಳಿಸುವ ನಿರ್ಣಯವನ್ನು ಅಂಗೀಕರಿಸಿತು. 2025ರ ಮೇ ತಿಂಗಳಿನಲ್ಲಿ ಅಧ್ಯಕ್ಷರ ಸಹಿಯೂ ಬಿದ್ದಿತು. ಹೀಗೆ ರದ್ದಾದ ನಿಯಮಕ್ಕೆ ಬಹುಮಟ್ಟಿಗೆ ಸಮಾನವಾದ ಇನ್ನೊಂದು ನಿಯಮವನ್ನು ಹೊಸ ಶಾಸನದ ಅನುಮತಿಯಿಲ್ಲದೆ ತರುವಂತಿಲ್ಲ.

ಹೊಲದ ಒಡ್ಡನ್ನು ತಗ್ಗಿಸಿದ ರೈತನು ಮಳೆಗಾಲದಲ್ಲಿ ಮನೆಯಲ್ಲಿ ಮಲಗಲಾರ. ಗುದ್ದಲಿ ಹಿಡಿದು ಅಲ್ಲಿಯೇ ಕಾಯುವನು. ಶಿಕ್ಷೆಯನ್ನು ಹಗುರಗೊಳಿಸಿದ ಶಾಸಕರ ಹೊಣೆಯೂ ಅಂಥದೇ. ಪರಿಶೀಲನೆ ಹೆಚ್ಚಬೇಕು, ಹೊಗೆಯ ಅಳತೆಯ ವಿವರಗಳು ಊರಿನವರಿಗೆ ತಿಳಿಯಬೇಕು, ವಿಧಿಸಿದ ದಂಡ ವಸೂಲಾಗಬೇಕು. ಇವು ನಡೆಯದೆ ಶಿಕ್ಷೆಯೊಂದೇ ತಗ್ಗಿದರೆ ‘ಜನ ವಿಶ್ವಾಸ’ವೆಂಬ ಹೆಸರು ಹೊಗೆಯುಗುಳುವವರಿಗೆ ಮಾತ್ರ ಸಲ್ಲುತ್ತದೆ.

ನಿರ್ಮಲವಾದ ಗಾಳಿಯು ಜೀವಿಸುವ ಹಕ್ಕಿನಲ್ಲಿಯೇ ಸೇರಿದೆಯೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಹೇಳಿದೆ. ಪರಿಸರವನ್ನು ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಸಂವಿಧಾನವೂ ಸಾರಿದೆ. ಗಾಳಿಗೆ ಮತವಿಲ್ಲ, ಶಾಸನಸಭೆಯಲ್ಲಿ ಪ್ರತಿನಿಧಿಯೂ ಇಲ್ಲ. ಅದನ್ನು ಉಸಿರಾಡುವವರೇ ಅದರ ಪರವಾಗಿ ನಿಲ್ಲಬೇಕು. ಚಿಮಣಿಯ ಹೊಗೆ ಕಪ್ಪಾದ ದಿನ ಕಾರಣವನ್ನು ಕೇಳುವ ಧೈರ್ಯ ಊರಿಗಿದ್ದರೆ, ಕಾನೂನಿಗೆ ಅದಕ್ಕಿಂತ ದೊಡ್ಡ ಬಲ ಬೇರೊಂದಿಲ್ಲ.