ಕರ್ಮಣಿ ಪ್ರಯೋಗದಲ್ಲಿ ಮರೆಯಾದವರು

2025ರ ಜುಲೈ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಎಚ್‌ಐವಿ ಸೋಂಕನ್ನು ತಡೆಯಲು ಆರು ತಿಂಗಳಿಗೊಮ್ಮೆ ಕೊಡುವ ಲೆನಾಕಾಪವಿರ್ ಎಂಬ ಚುಚ್ಚುಮದ್ದಿಗೆ ತನ್ನ ಮನ್ನಣೆಯನ್ನಿತ್ತಿತು. ಅದಕ್ಕೆ ಆಧಾರವಾದ ಒಂದು ದೊಡ್ಡ ಪ್ರಯೋಗ ನಡೆದದ್ದು ದಕ್ಷಿಣ ಆಫ್ರಿಕ ಮತ್ತು ಯುಗಾಂಡ ದೇಶಗಳಲ್ಲಿ. ಹದಿನಾರರಿಂದ ಇಪ್ಪತ್ತೈದು ವಯಸ್ಸಿನ 5,338 ಹೆಣ್ಣುಮಕ್ಕಳು ಅದರಲ್ಲಿ ಪಾಲ್ಗೊಂಡರು. ಚುಚ್ಚುಮದ್ದು ಪಡೆದ 2,134 ಮಂದಿಯಲ್ಲಿ ಒಬ್ಬಳಿಗೂ ಸೋಂಕು ತಗುಲಲಿಲ್ಲ. ದಿನಕ್ಕೊಂದು ಮಾತ್ರೆಯನ್ನು ಕೊಟ್ಟ ಉಳಿದವರಲ್ಲಿ 55 ಮಂದಿಗೆ ತಗುಲಿತು ಎಂದು 2024ರಲ್ಲಿ ತಿಳಿದುಬಂದಿತು.

ಇಂಥ ವರದಿಗಳನ್ನು ಓದುವಾಗ ಕನ್ನಡ ಪಾಠ ಹೇಳುವ ನನ್ನಂಥವರ ಕಣ್ಣು ಮೊದಲು ಬೀಳುವುದು ಕ್ರಿಯಾಪದದ ಮೇಲೆ. ಹೆಂಗಸರನ್ನು ಪರೀಕ್ಷಿಸಲಾಯಿತು, ಮಾತ್ರೆ ಕೊಡಲಾಯಿತು, ರಕ್ತ ತೆಗೆಯಲಾಯಿತು: ಎಲ್ಲವೂ ಕರ್ಮಣಿ ಪ್ರಯೋಗ. ಆದರೆ ಈ ಶೋಧನೆಗಳ ಚರಿತ್ರೆಯನ್ನು ಸಾವಧಾನದಿಂದ ನೋಡಿದರೆ ಆ ಹೆಂಗಸರೇ ಅದರ ಕರ್ತೃಗಳೆಂದು ತೋರುತ್ತದೆ. ಅವರ ದುಡಿಮೆಯ ಫಲವನ್ನುಂಡವರಲ್ಲಿ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ತಾಯಂದಿರೂ ಇದ್ದಾರೆ.

ಕಂಪಾಲಾ ನಗರದ ಮುಲಾಗೊ ಆಸ್ಪತ್ರೆಯಲ್ಲಿ 1997ರಿಂದ 1999ರವರೆಗೆ ಸೋಂಕಿತ ಗರ್ಭಿಣಿಯರನ್ನು ಸೇರಿಸಿಕೊಂಡು ಒಂದು ಪ್ರಯೋಗ ನಡೆಯಿತು. ಹೆರಿಗೆ ಬೇನೆ ತೊಡಗಿದಾಗ ತಾಯಿಗೆ ನೆವಿರಪಿನ್ ಎಂಬ ಒಂದೇ ಮಾತ್ರೆ. ಹುಟ್ಟಿದ ಮೂರು ದಿನದೊಳಗೆ ಕೂಸಿಗೆ ಅದೇ ಔಷಧದ ಕೆಲವು ಹನಿ. ಹಳೆಯ ಔಷಧ ಪಡೆದ ತಾಯಂದಿರ ಮಕ್ಕಳಲ್ಲಿ ಮೂರು ನಾಲ್ಕು ತಿಂಗಳ ಹೊತ್ತಿಗೆ ನೂರಕ್ಕೆ 25ರಷ್ಟು ಮಂದಿಗೆ ಸೋಂಕು ದಾಟಿದ್ದರೆ, ಇವರ ಮಕ್ಕಳಲ್ಲಿ ದಾಟಿದ್ದು 13ರಷ್ಟು ಮಂದಿಗೆ. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಸರಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗಳಿಗೆ ಬಂದದ್ದು ಇದೇ ಮಾತ್ರೆ. ಸೋಂಕಿತ ಗರ್ಭಿಣಿಗೆ ಜೀವಮಾನವಿಡೀ ಔಷಧ ಕೊಡುವ ಈಗಿನ ಕ್ರಮವನ್ನು ಮೊದಲುಮಾಡಿದ ನಾಡು ಬಡ ಮಲಾವಿ, 2011ರಲ್ಲಿ. ಭಾರತ ಅದನ್ನು ಅನುಸರಿಸಿದ್ದು 2014ರಲ್ಲಿ.

ನಮ್ಮ ಸೀಮೆಗೆ ಇದು ದೂರದ ಮಾತಲ್ಲ. ಕೃಷ್ಣೆ, ದೂಧಗಂಗೆಯರ ಕಬ್ಬು, ನಿಪ್ಪಾಣಿಯ ತಂಬಾಕು, ಪುಣೆ-ಬೆಂಗಳೂರು ಹೆದ್ದಾರಿ, ಕುಡಚಿ-ಉಗಾರ-ಶೇಡಬಾಳಗಳ ಮೇಲೆ ಮೀರಜಿಗೆ ಹೋಗುವ ರೈಲು, ಇವು ಅನ್ನವನ್ನೂ ತಂದವು, ಅಗಲಿಕೆಯನ್ನೂ ತಂದವು. ಮುತ್ತು ಕಟ್ಟುವ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತಾದರೂ ಸಾಂಗಲಿ, ಪುಣೆ, ಮುಂಬಯಿಗಳ ದಾರಿ ಹಿಡಿದ ಹೆಣ್ಣುಮಕ್ಕಳನ್ನು ಕಾಯ್ದೆಯೊಂದೇ ಹಿಂದಕ್ಕೆ ಕರೆತರಲಾರದು. 2004ರಿಂದ 2006ರ ನಡುವೆ ಕರ್ನಾಟಕದ ಐದು ಜಿಲ್ಲೆಗಳಲ್ಲಿ ನಡೆದ ಸಮೀಕ್ಷೆಯಲ್ಲಿ, ಬೆಳಗಾವಿ ಜಿಲ್ಲೆಯ ಲೈಂಗಿಕ ವೃತ್ತಿಯ ಮಹಿಳೆಯರಲ್ಲಿ ನೂರಕ್ಕೆ ಸುಮಾರು 34 ಮಂದಿ ಸೋಂಕಿತರೆಂದು ಕಂಡಿತು. ಐದರಲ್ಲಿ ಅದೇ ಹೆಚ್ಚಿನದು.

ಆಫ್ರಿಕದ ಅನುಭವ ಇಲ್ಲಿಗೆ ಬಂದ ದಾರಿಯೂ ಸ್ವಾರಸ್ಯವಾದದ್ದು. ಕೆನಡಾದ ಮನಿಟೋಬ ವಿಶ್ವವಿದ್ಯಾಲಯವು 1980ರ ದಶಕದಿಂದ ನೈರೋಬಿಯ ಪುಮ್ವಾನಿಯಲ್ಲಿ ಇದೇ ವೃತ್ತಿಯ ಮಹಿಳೆಯರೊಡನೆ ಕೆಲಸ ಮಾಡಿತ್ತು. ಅದೇ ವಿಶ್ವವಿದ್ಯಾಲಯದ ಸಹಯೋಗದಿಂದ 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹುಟ್ಟಿತು. ಮುಂದೆ ಸೋಂಕು ತಡೆಯುವ ಜೆಲ್ ಒಂದರ ಪರೀಕ್ಷೆ ಆಫ್ರಿಕದ ಮೂರು ಕಡೆ, ಭಾರತದ ಎರಡು ಕಡೆ ನಡೆದಾಗ, ನಮ್ಮ ಎರಡರಲ್ಲೊಂದು ಅಥಣಿ-ರಾಯಬಾಗಗಳ ನೆರೆಯ ಬಾಗಲಕೋಟೆ. 2007ರ ಜನವರಿಯಲ್ಲಿ ಆ ಪ್ರಯೋಗವನ್ನು ನಡುವಿನಲ್ಲಿಯೇ ನಿಲ್ಲಿಸಬೇಕಾಯಿತು. 1,398 ಮಂದಿಯಲ್ಲಿ ಜೆಲ್ ಬಳಸಿದವರ ಪೈಕಿ 25 ಮಂದಿಗೆ, ಔಷಧವಿಲ್ಲದ ತೋರಿಕೆಯ ಜೆಲ್ ಬಳಸಿದವರ ಪೈಕಿ 16 ಮಂದಿಗೆ ಸೋಂಕಾಗಿತ್ತು. ಆ ಅಂತರ ಆಕಸ್ಮಿಕವಿರಬಹುದೆಂದು ಮುಂದೆ ಲೆಕ್ಕ ಹೇಳಿತು. ಜೆಲ್ಲಿನಿಂದ ಉಪಯೋಗವಿಲ್ಲವೆಂಬುದು ಮಾತ್ರ ನಿಶ್ಚಿತವಾಯಿತು. ಗೆದ್ದ ಔಷಧದ ಹೆಸರು ಲೋಕಕ್ಕೆ ಗೊತ್ತು. ಸೋತ ಔಷಧಕ್ಕೆ ಮೈಯೊಡ್ಡಿದವರನ್ನು ನೆನೆಯುವವರಾರು?

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಪಾಠವೂ ಸೋಲಿನಿಂದಲೇ ಬಂದದ್ದು. ದಕ್ಷಿಣ ಆಫ್ರಿಕ, ಯುಗಾಂಡ, ಜಿಂಬಾಬ್ವೆಗಳ 5,029 ಮಹಿಳೆಯರು ಸೇರಿದ ‘ವಾಯ್ಸ್’ ಎಂಬ ಪ್ರಯೋಗದ ಫಲಿತಾಂಶ 2013ರಲ್ಲಿ ಹೊರಬಂದಿತು. ಕೊಟ್ಟ ಔಷಧದಲ್ಲಿ ನೂರಕ್ಕೆ ತೊಂಬತ್ತು ಪಾಲನ್ನು ಬಳಸಿದ್ದೇವೆಂದು ಅವರು ಹೇಳಿದ್ದರು. ರಕ್ತ ನೋಡಿದರೆ ಮೂವತ್ತು ಪಾಲು ಮಾದರಿಗಳಲ್ಲಿಯೂ ಔಷಧದ ಸುಳಿವಿರಲಿಲ್ಲ. ಸುಳ್ಳಾಡಿದರೆಂದು ಅವರನ್ನು ದೂರುವುದು ಸುಲಭ. ಆಮೇಲೆ ಸಮಾಧಾನದಿಂದ ಕೇಳಿದಾಗ ಅವರು ಕಾರಣ ಹೇಳಿದರು: ಇವೇ ಮಾತ್ರೆಗಳನ್ನು ರೋಗಿಗಳೂ ನುಂಗುತ್ತಾರೆ; ಮನೆಯಲ್ಲಿ ಡಬ್ಬಿ ಕಂಡರೆ ಗಂಡನೇನೆಂದಾನು, ನೆರೆಯವರೇನೆಂದಾರು! ಕರ್ಮವೆಂದು ಬಗೆದವಳು ಕರ್ತೃವಾಗಿ, ನುಂಗದೆ ಉತ್ತರ ಕೊಟ್ಟಿದ್ದಳು. ತಿಂಗಳುಗಟ್ಟಲೆ ಮೈಯೊಳಗೇ ಇದ್ದು ಯಾರ ಕಣ್ಣಿಗೂ ಬೀಳದ ಔಷಧದ ಬೆಲೆ ವಿಜ್ಞಾನಿಗಳಿಗೆ ಮನವರಿಕೆಯಾದದ್ದು ಇಂಥ ಉತ್ತರಗಳಿಂದ.

ಅತ್ತೆ, ಮಾವ, ನಾದಿನಿಯರಿರುವ ನಮ್ಮ ಮನೆಗಳಲ್ಲಿ ಸೊಸೆಯಾದವಳು ಒಂದು ಡಬ್ಬಿಯನ್ನು ಎಲ್ಲಿ ಬಚ್ಚಿಟ್ಟಾಳು? ಇಷ್ಟಕ್ಕೂ ಸೋಂಕು ಎಂದರೆ ಹಳಗನ್ನಡದಲ್ಲಿ ಬರಿಯ ಸ್ಪರ್ಶ. ಇಂದು ಆ ಮಾತಿನಿಂದ ಉಳಿದಿರುವುದು ಅಂಜಿಕೆ, ಅಪವಾದ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಪಟ್ಟಿಯಲ್ಲಿ ಲೈಂಗಿಕ ವೃತ್ತಿಯವರಿದ್ದಾರೆ, ಲಾರಿ ಚಾಲಕರಿದ್ದಾರೆ, ವಲಸೆಗಾರರಿದ್ದಾರೆ. ವೃತ್ತಿಯ ಮಹಿಳೆಯರು ಸಂಘಟಿತರಾಗಿ ಮಾತಾಡಲೂ ಕಲಿತರು. ಗಡಿಯಾಚೆಯ ಸಾಂಗಲಿಯಲ್ಲಿ 1996ರಲ್ಲಿ ಹುಟ್ಟಿದ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತು ಅದಕ್ಕೆ ಸಾಕ್ಷಿ. ವಲಸೆ ಹೋದವನ ಹೆಂಡತಿಗೆ ಮಾತ್ರ ಅಂಥ ದನಿಯಿಲ್ಲ. ಅವಳಿಗಿರುವ ಗಂಡಾಂತರ ಅವಳ ಮದುವೆಯೇ. ಹೀಗೆಂದರೆ ಕೆಲವು ವಾಚಕರಿಗೆ ಸಿಟ್ಟು ಬಂದೀತು. ಬರಲಿ.

ಹೊಸ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಗೊತ್ತುಮಾಡಿದ ಬೆಲೆ ವರ್ಷಕ್ಕೆ 28,000 ಡಾಲರಿಗೂ ಮಿಗಿಲು. ಅದನ್ನೇ ವರ್ಷಕ್ಕೆ ಸುಮಾರು 40 ಡಾಲರಿಗೆ, 2027ರಿಂದ, ಬಡ ದೇಶಗಳಿಗೆ ಒದಗಿಸುವುದಾಗಿ ಹೈದರಾಬಾದಿನ ಎರಡು ಔಷಧ ಕಂಪನಿಗಳ ಒಪ್ಪಂದಗಳು 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾದವು. ತಯಾರಿಸುವವರು ನಮ್ಮವರೇ ಆಗಿರುವಾಗ ಅದು ನಮ್ಮ ತಾಲೂಕು ಆಸ್ಪತ್ರೆಗೆ ಬಾರದಿದ್ದರೆ ಕಾರಣ ಬೆಲೆಯಲ್ಲ, ಮನಸ್ಸು.

ಬರಬೇಕಾದ ಬಾಗಿಲೂ ತೆರೆದೇ ಇದೆ. ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಎಂಬ ಗರ್ಭನಿರೋಧಕ ಚುಚ್ಚುಮದ್ದು 2017ರಿಂದ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಅದೇ ಔಷಧದಿಂದ ಎಚ್‌ಐವಿಯ ಭಯ ಹೆಚ್ಚುವುದೇ ಎಂಬ ಬಹುಕಾಲದ ಶಂಕೆಗೆ, ಗಣನೀಯವಾಗಿ ಹೆಚ್ಚುವುದಿಲ್ಲವೆಂದು 2019ರಲ್ಲಿ ಉತ್ತರ ದೊರೆತದ್ದು ಕೀನ್ಯ, ಜಾಂಬಿಯ, ಎಸ್ವಾಟಿನಿ, ದಕ್ಷಿಣ ಆಫ್ರಿಕಗಳ 7,829 ಮಹಿಳೆಯರಿಂದ. ಅಂತರಾ ಹಾಕಿಸಿಕೊಳ್ಳಲು ಆಶಾ ಕಾರ್ಯಕರ್ತೆಯ ಜೊತೆ ಬರುವ ಹೆಣ್ಣುಮಗಳು ಎರಡು ಸರತಿಗೊಮ್ಮೆ ಅದೇ ಕೋಣೆಯಲ್ಲಿ, ಅದೇ ನರ್ಸಿನ ಕೈಯಿಂದ ಇನ್ನೊಂದನ್ನೂ ಹಾಕಿಸಿಕೊಂಡು ಹೋಗಬಹುದು. ಆ ಕೋಣೆಯ ಬಾಗಿಲಿಗೆ ಬೇರೆಯ ಹಲಗೆಯನ್ನು ತೂಗುಹಾಕಬೇಕಾದ ಅಗತ್ಯವಿಲ್ಲ.