ಠುಸ್ ಎಂದ ತೋಟಾ

ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗಳನ್ನು ಒರೆಸಿ, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸಿ, ಗಂಧವಿಟ್ಟು ಪೂಜಿಸುವುದುಂಟು. ಕೋವಿಗೇನೋ ಹೂವು ಸಿಕ್ಕುತ್ತದೆ. ಆದರೆ ಅದರ ಹೊಟ್ಟೆಯೊಳಕ್ಕೆ ಹೋಗುವ ತೋಟಾವನ್ನು ಆ ದಿನವಾಗಲಿ ಉಳಿದ ದಿನಗಳಲ್ಲಾಗಲಿ ಕಣ್ಣಿಟ್ಟು ನೋಡುವವರು ವಿರಳ. “ಕಾರ್ಖಾನೆಯ ಮಾಲು, ಸೀಲು ಒಡೆಯದ ಡಬ್ಬಿ, ಇನ್ನೇನು ನೋಡುವುದು?” ಎಂಬುದು ಸಾಮಾನ್ಯ ಧೋರಣೆ. 2023ರ ಒಂದು ಭಾನುವಾರದ ತನಕ ನನ್ನ ಧೋರಣೆಯೂ ಅದೇ ಆಗಿತ್ತು.

ನನ್ನ ಸೋದರಮಾವ ಸೇನೆಯಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ಕಾಫಿ ತೋಟದ ನಡುವಿನ ಒಂಟಿಮನೆ, ಲೈಸೆನ್ಸು ಪಡೆದು.32 ಬೋರಿನ ರಿವಾಲ್ವರೊಂದನ್ನು ಇಟ್ಟುಕೊಂಡಿದ್ದಾರೆ. ಅಂದು ಅಭ್ಯಾಸಕ್ಕೆಂದು ಫೈರಿಂಗ್ ರೇಂಜಿಗೆ ಹೋಗುವಾಗ ನನ್ನನ್ನೂ ಕರೆದೊಯ್ದರು. ಮೂರು ಗುಂಡುಗಳು ಸರಿಯಾಗಿ ಹಾರಿದವು. ನಾಲ್ಕನೆಯದು ‘ಠುಸ್’ ಎಂದಿತು. ದೀಪಾವಳಿಯಲ್ಲಿ ನೆನೆದ ಪಟಾಕಿ ಮಾಡುತ್ತದಲ್ಲ, ಅಂಥ ಸದ್ದು. ಗುರಿಹಲಗೆಯಲ್ಲಿ ಹೊಸ ತೂತು ಕಾಣಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ.

“ಗುರಿ ತಪ್ಪಿತು ಮಾವ, ಇನ್ನೊಂದು ಹೊಡೀರಿ!” ಎಂದೆ.

ಮಾವ ಹೊಡೆಯಲಿಲ್ಲ, ನನ್ನತ್ತ ತಿರುಗಿಯೂ ನೋಡಲಿಲ್ಲ. ನಳಿಗೆಯನ್ನು ಎದುರಿನ ಮಣ್ಣದಿಬ್ಬದ ಕಡೆಗೇ ಹಿಡಿದು ಅರ್ಧ ನಿಮಿಷ ನಿಂತರು. ಆಮೇಲೆ ತೋಟಾಗಳನ್ನೆಲ್ಲ ಹೊರತೆಗೆದು, ರೇಂಜಿನವರಿಂದ ಒಂದು ಹಿತ್ತಾಳೆ ಕಡ್ಡಿಯನ್ನು ಕೇಳಿ ಪಡೆದು ನಳಿಗೆಗೆ ಇಳಿಬಿಟ್ಟರು. ಕಡ್ಡಿ ನಡುವೆಯೇ ನಿಂತಿತು. ನಾಲ್ಕನೆಯ ಗುಂಡು ಅಲ್ಲೇ ಕುಳಿತಿತ್ತು!

“ನಿನ್ನ ಮಾತು ಕೇಳಿ ಇನ್ನೊಂದು ಹೊಡೆದಿದ್ದರೆ, ಮಗೂ, ರಾತ್ರಿಯ ಊಟವನ್ನು ನಿನ್ನ ಅತ್ತೆಯೇ ಉಣ್ಣಿಸಬೇಕಾಗುತ್ತಿತ್ತು” ಎಂದರು.

ಆಗಿದ್ದಿಷ್ಟು. ಆ ತೋಟಾಕ್ಕೆ ಮದ್ದು ಬಿದ್ದೇ ಇರಲಿಲ್ಲವೋ ಅಥವಾ ತೀರ ಕಡಿಮೆ ಬಿದ್ದಿತ್ತೋ. ಕೇಪು ಮಾತ್ರ ಸಿಡಿದು, ಅದರ ಬಲವೇ ಗುಂಡನ್ನು ನಳಿಗೆಯ ಅರ್ಧಕ್ಕೆ ತಳ್ಳಿತ್ತು. ಅದರ ಬೆನ್ನಿಗೆ ಪೂರ್ಣ ಮದ್ದಿನ ಇನ್ನೊಂದು ಗುಂಡು ಹೊರಟರೆ ನಳಿಗೆ ಉಬ್ಬೀತು, ಸೀಳಿಯೂ ಹೋದೀತು. ಪಿಸ್ತೂಲಿನಲ್ಲಾದರೆ ಇಂಥ ಬಡ ತೋಟಾಕ್ಕೆ ಮೇಲಿನ ಸ್ಲೈಡನ್ನು ಹಿಂದಕ್ಕೆ ತಳ್ಳುವ ಶಕ್ತಿ ಸಾಮಾನ್ಯವಾಗಿ ಇರುವುದಿಲ್ಲ. ಯಂತ್ರವೇ ನಿಂತು ಎಚ್ಚರಿಸುತ್ತದೆ. ರಿವಾಲ್ವರಿಗೆ ಆ ದಾಕ್ಷಿಣ್ಯವಿಲ್ಲ. ಕುದುರೆಯನ್ನು ಎಳೆದರೆ ಮುಂದಿನ ತೋಟಾ ತಾನಾಗಿ ಎದುರಿಗೆ ಬಂದು ನಿಲ್ಲುತ್ತದೆ.

ಕಾರ್ಖಾನೆಯವರು ಪರೀಕ್ಷೆ ಮಾಡುವುದಿಲ್ಲವೇ ಎಂದು ವಾಚಕರು ಕೇಳಬಹುದು. ಮಾಡುತ್ತಾರೆ, ಶ್ರದ್ಧೆಯಿಂದಲೇ ಮಾಡುತ್ತಾರೆ. ಯುರೋಪಿನಲ್ಲಿ 1914ರಿಂದ ಸಿ.ಐ.ಪಿ. ಎಂಬ ಅಂತರರಾಷ್ಟ್ರೀಯ ಮಂಡಲಿ, ಅಮೆರಿಕದಲ್ಲಿ 1926ರಿಂದ ಸಾಮಿ ಎಂಬ ತಯಾರಕರ ಸಂಸ್ಥೆ ತೋಟಾಗಳ ಅಳತೆಗೂ ಒತ್ತಡಕ್ಕೂ ಮಿತಿಗಳನ್ನು ಗೊತ್ತುಮಾಡುತ್ತ ಬಂದಿವೆ. ಅಳತೆ, ತೂಕ, ನೋಟ ಎಲ್ಲವೂ ಉಂಟು. ಆದರೆ ತೋಟಾದ ಸ್ವಭಾವ ತೆಂಗಿನಕಾಯಿಯದು. ತಟ್ಟಿ ನೋಡಬಹುದು, ಅಲ್ಲಾಡಿಸಿ ನೋಡಬಹುದು. ಒಡೆಯದೆ ಒಳಗಿನ ಸತ್ಯ ಪೂರ್ತಿ ತಿಳಿಯದು. ಒಡೆದ ಮೇಲೆ ಮಾರಲು ಬಾರದು! ಆದ್ದರಿಂದ ಪ್ರತಿಯೊಂದು ತಂಡದಿಂದಲೂ ಕೆಲವನ್ನು ಆರಿಸಿ ಹೊಡೆದು ನೋಡುತ್ತಾರೆ. ಅವು ಸರಿಯಿದ್ದರೆ ಉಳಿದವೂ ಸರಿಯೆಂದು ಊಹಿಸುತ್ತಾರೆ. ಈ ಊಹೆ ಬಹುತೇಕ ನಿಜವಾಗುತ್ತದೆ. ‘ಬಹುತೇಕ’ ಎಂಬ ಮಾತಿನ ಆಚೆಗೆ ಉಳಿದ ಒಂದು ತೋಟಾ ಯಾರ ಡಬ್ಬಿಯಲ್ಲಿದೆ ಎಂಬುದೇ ಪ್ರಶ್ನೆ.

ಮನೆಯಲ್ಲಿ ತೂಗಿ ನೋಡಿದರಾಯಿತು ಎಂಬ ಜಾಣರೂ ಇದ್ದಾರೆ. ಮೊದಲು ನಾನೂ ಹಾಗೆಯೇ ಎಣಿಸಿದ್ದೆ. .32 ಲಾಂಗ್ ತೋಟಾದ ಸೀಸದ ಗುಂಡು ಸಾಧಾರಣವಾಗಿ 98 ಗ್ರೈನ್, ಎಂದರೆ ಆರೂಕಾಲು ಗ್ರಾಮಿಗೆ ಚೂರು ಹೆಚ್ಚು. ಮದ್ದಾದರೋ ಎರಡು ಮೂರು ಗ್ರೈನ್. ಗ್ರಾಮಿನ ಐದನೆಯ ಒಂದು ಪಾಲಿಗಿಂತಲೂ ಕಡಿಮೆ. ಗುಂಡಿನ ತೂಕದಲ್ಲಿ, ಹಿತ್ತಾಳೆ ಕೊಳವೆಯ ತೂಕದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಇರುವ ಸಹಜ ವ್ಯತ್ಯಾಸವೇ ಈ ಅಲ್ಪ ಮದ್ದನ್ನು ನುಂಗಿಹಾಕೀತು. ಆದ್ದರಿಂದ ತಕ್ಕಡಿಯ ಸಾಕ್ಷಿ ನಂಬತಕ್ಕದ್ದಲ್ಲ.

ಕಣ್ಣಿಗೆ ಕಾಣುವ ದೋಷಗಳೂ ಇವೆಯಷ್ಟೆ. ಮಾವ ಈಗ ತೋಟಾಗಳನ್ನು ಬಿಳಿಯ ಬಟ್ಟೆಯ ಮೇಲೆ ಹರಡಿ ಒಂದೊಂದಾಗಿ ನೋಡುವುದನ್ನು ನಾನು ಪಕ್ಕದಲ್ಲಿ ಕುಳಿತು ಕಲಿತಿದ್ದೇನೆ. ಹಿಂಬದಿಯ ಕೇಪು ತಳದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗಿರಬೇಕು. ಉಬ್ಬಿ ನಿಂತಿದ್ದರೆ ರಿವಾಲ್ವರಿನ ಉರುಳೆ ತಿರುಗಲಾರದೆ ಸಿಕ್ಕಿಕೊಂಡೀತು. ಕೇಪು ತಲೆಕೆಳಗಾಗಿ ಕುಳಿತದ್ದೂ ಅಪರೂಪಕ್ಕೆ ಉಂಟಂತೆ. ಕೊಳವೆಯಲ್ಲಿ ಸೀಳು, ನೆಗ್ಗು, ಹಸಿರು ಕಿಲುಬು ಇರಕೂಡದು. ಗುಂಡು ತನ್ನ ನೆರೆಯವುಗಳಿಗಿಂತ ಒಳಕ್ಕೆ ಕುಸಿದಿದ್ದರೆ ಅದು ಬಹಳ ಕೆಟ್ಟದ್ದು: ಮದ್ದು ಉರಿಯುವ ಜಾಗ ಕಿರಿದಾದಷ್ಟೂ ಒತ್ತಡ ಮೇಲೇರುತ್ತದೆ. ಕೋವಿಗೆ ಹಚ್ಚಿದ ಎಣ್ಣೆಯ ಕೈಯಲ್ಲೇ ತೋಟಾಗಳನ್ನೂ ಮಿರಿಮಿರಿ ಒರೆಸುವ ಪದ್ಧತಿ ನಮ್ಮಲ್ಲಿ ಹಲವರಿಗಿದೆ. ಪ್ರೀತಿಯಿಂದಲೇ ಮಾಡುತ್ತಾರೆ, ಪಾಪ! ಎಣ್ಣೆ ಕೇಪಿನೊಳಕ್ಕೆ ಇಳಿದರೆ ಅದು ಸತ್ತೇಹೋದೀತು.

ಡಬ್ಬಿಯ ವಿಷಯವನ್ನೂ ಹೇಳಬೇಕು. ಅದರ ಮೇಲೆ ಅಚ್ಚಾಗಿರುವ ತಂಡದ ಸಂಖ್ಯೆ ಅಲಂಕಾರಕ್ಕಲ್ಲ. ದೋಷ ಕಂಡಾಗ ತಯಾರಕರು ಮಾಲನ್ನು ವಾಪಸು ಕರೆಸಿಕೊಳ್ಳುವುದು ಆ ಸಂಖ್ಯೆಯ ಮೇಲಿಂದಲೇ. ನಾವು ಡಬ್ಬಿಯನ್ನು ಬಿಸಾಡಿ, ಹಳೆಯದು ಹೊಸದು ಎಲ್ಲವನ್ನೂ ಒಂದೇ ಬಿಸ್ಕತ್ತಿನ ಡಬ್ಬಕ್ಕೆ ಸುರಿಯುತ್ತೇವೆ. ತೋಟಾ ದುಬಾರಿ, ಲೈಸೆನ್ಸಿನ ಮೇಲೆ ಸಿಕ್ಕುವುದು ಎಣಿಸಿ ಕೊಟ್ಟಷ್ಟೇ; ಆದ್ದರಿಂದ ಅನುಮಾನದ ತೋಟಾವನ್ನೂ ‘ಇರಲಿ, ಒಂದು ಕೈ ನೋಡೋಣ’ ಎಂದು ಉಳಿಸಿಕೊಳ್ಳುವವರಿದ್ದಾರೆ. ಅಂಥದನ್ನು ಬೇರೆಯಿಟ್ಟು, ಮಾರಿದ ಅಂಗಡಿಗೋ ಪೊಲೀಸು ಠಾಣೆಗೋ ತಿಳಿಸಿ ಒಪ್ಪಿಸುವುದೇ ಸರಿಯೆಂದು ನನ್ನ ಮತ.

ಈಗ ನಮ್ಮ ಎನ್.ಸಿ.ಸಿ.ಯ ಮಾತು. ಶಿಬಿರದಲ್ಲಿ .22 ರೈಫಲಿನಿಂದ ನಾವೂ ಗುಂಡು ಹಾರಿಸುತ್ತೇವೆ. ಈ ಪುಟ್ಟ ತೋಟಾಕ್ಕೆ ಪ್ರತ್ಯೇಕ ಕೇಪಿಲ್ಲ. ಸಿಡಿಯುವ ಪದಾರ್ಥವನ್ನು ತಳದ ಅಂಚಿನೊಳಗೆ ಸುತ್ತಲೂ ಹರಡಿರುತ್ತಾರೆ. ಹರಡಿದ್ದು ಎಲ್ಲಾದರೂ ತೆಳುವಾಗಿದ್ದು, ಪಿನ್ನು ಅಲ್ಲಿಯೇ ಬಡಿದರೆ ತೋಟಾ ಮೂಕ. ಕೂಡಲೇ ಬೋಲ್ಟು ತೆರೆಯಬಾರದು. ಬೆಂಕಿ ಒಳಗೆ ಮೆಲ್ಲನೆ ಹೊಗೆಯಾಡುತ್ತ ತಡವಾಗಿ ಸಿಡಿಯುವುದುಂಟು. ಗುರಿಯತ್ತ ಹಿಡಿದೇ ಮೂವತ್ತು ಎಣಿಸಿ ಕೈಯೆತ್ತಬೇಕು. ಹಾರದ ಪಟಾಕಿಯ ಬಳಿ ಓಡುವ ಮಗುವಿನ ತೋಳನ್ನು ನಮ್ಮ ಅಜ್ಜಿಯಂದಿರು ಎಳೆದು ಹಿಡಿಯುವುದು ಇದಕ್ಕೇ ಅಲ್ಲವೇ?

ಆದರೆ ಕೈಯೆತ್ತಲು ನಮ್ಮವರಿಗೆ ನಾಚಿಕೆ. ಕೈಯೆತ್ತಿದವನನ್ನು ಸಾಲಿನವರೆಲ್ಲ ನೋಡುತ್ತಾರೆ, ‘ಹೆದರುಪುಕ್ಕಲ’ ಎನ್ನುತ್ತಾರೆ. ರೇಂಜಿನಲ್ಲಿ ನಗುವವರ ಪೈಕಿ ನಾನೂ ಒಬ್ಬನಾಗಿದ್ದೆನಷ್ಟೆ. ಲಂಡನ್ ಒಲಿಂಪಿಕ್ಸಿನಲ್ಲಿ 2012ರಲ್ಲಿ ವಿಜಯ್ ಕುಮಾರರು ಬೆಳ್ಳಿ ಗೆದ್ದ ರ‍್ಯಾಪಿಡ್ ಫೈರ್ ಪಿಸ್ತೂಲು ಸ್ಪರ್ಧೆಯನ್ನೇ ನೋಡಿರಿ. ಅಲ್ಲಿ ನಾಲ್ಕು ಸೆಕೆಂಡಿನಲ್ಲಿ ಐದು ಗುಂಡು ಹೊಡೆಯಬೇಕಾದ ಸುತ್ತೂ ಇದೆ. ಅಷ್ಟು ಅವಸರದ ಆಟದಲ್ಲಿಯೂ ತೋಟಾ ಸಿಡಿಯದಿದ್ದರೆ, ಗುಂಡು ನಳಿಗೆಯಲ್ಲಿ ಸಿಕ್ಕಿಕೊಂಡರೆ, ಪಿಸ್ತೂಲನ್ನು ಗುರಿಯ ಕಡೆಗೆ ಹಿಡಿದು ಬಿಡುವಿನ ಕೈಯನ್ನೆತ್ತುವುದಕ್ಕೆ ನಿಯಮವೇ ಅವಕಾಶ ಕೊಟ್ಟಿದೆ. ಅಲ್ಲಿ ಅದನ್ನು ಯಾರೂ ಪುಕ್ಕಲುತನ ಎನ್ನುವುದಿಲ್ಲ.

ಯುದ್ಧದಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಮಿತ್ರನೊಬ್ಬ ವಾದಿಸಿದ. ನಾವಿರುವುದು ಯುದ್ಧದಲ್ಲಲ್ಲ, ಕಾಲೇಜಿನ ಶಿಬಿರದಲ್ಲಿ. ಬೆಳಗಿನ ಚಹಾಕ್ಕಾಗಿ ಸಾಲು ನಿಲ್ಲುವಷ್ಟು ಪುರುಸೊತ್ತು ಅಲ್ಲಿ ಧಾರಾಳವಾಗಿದೆ. ಫೈರಿಂಗಿಗೆ ಮುನ್ನ ಐದು ನಿಮಿಷ, ಕೈಗೆ ಬಂದ ತೋಟಾವನ್ನು ಬೆಳಕಿಗೆ ಹಿಡಿದು ನೋಡುವ ಪಾಠ, ಸದ್ದು ಬದಲಾದರೆ ನಿಲ್ಲಿಸುವ ಪಾಠ: ಇಷ್ಟನ್ನು ಸೇರಿಸಬೇಕೆಂದು ನಮ್ಮ ಎನ್.ಸಿ.ಸಿ. ಅಧ್ಯಾಪಕರಲ್ಲಿ ಕೇಳಿದೆ. “ಬಾಯಲ್ಲಿ ಹೇಳಬೇಡ, ಬರೆದುಕೊಡು” ಎಂದರು. ಬರೆದದ್ದು ಉದ್ದವಾಯಿತು; ಅವರಿಗೆ ಒಂದು ಪ್ರತಿ ಕೊಟ್ಟು, ಇನ್ನೊಂದನ್ನು ಈ ಸಂಚಿಕೆಯ ಸಂಪಾದಕರಿಗೆ ಕೊಟ್ಟಿದ್ದೇನೆ.